ತಮ್ಮ ರೋಗವನ್ನು ತಾವೇ ಗುರುತಿಸಿದ ವೈದ್ಯ: ಅರ್ಮಾನ್ ಟ್ರೂಸೋ

ಅಕ್ಟೋಬರ್ 18ರಂದು ವೈದ್ಯರ ಪಾಲಕರಾದ ಸಂತ ಲೂಕರ ಹಬ್ಬವನ್ನು ನಾವು ಆಚರಿಸುತ್ತೇವೆ. ಅದಕ್ಕೆ ಕೆಲವೇ ದಿನಗಳ ಮೊದಲು, ಅಕ್ಟೋಬರ್ 13ರಂದು, ವಿಶ್ವ ಥ್ರಾಂಬೋಸಿಸ್ ದಿನ ಬರುತ್ತದೆ. ರಕ್ತನಾಳದ ಒಳಗೇ ರಕ್ತ ಹೆಪ್ಪುಗಟ್ಟುವ ತೊಂದರೆಗೆ ಥ್ರಾಂಬೋಸಿಸ್ ಎಂದು ಹೆಸರು. ಇದರ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಲು 2014ರಿಂದ ಈ ದಿನವನ್ನು ಆಚರಿಸಲಾಗುತ್ತಿದೆ. ಈ ವಿಷಯದಲ್ಲಿ ದೊಡ್ಡ ಸಂಶೋಧನೆ ಮಾಡಿದ ಜರ್ಮನಿಯ ವಿಜ್ಞಾನಿ ರುಡೋಲ್ಫ್ ವಿರ್ಚೋ ಅವರು 1821ರಲ್ಲಿ ಹುಟ್ಟಿದ ದಿನ ಅದು. ಮರುದಿನ, ಅಂದರೆ ಅಕ್ಟೋಬರ್ 14, ಇನ್ನೊಬ್ಬ ಹಿರಿಯ ವೈದ್ಯರ ಜನ್ಮದಿನ. ಫ್ರಾನ್ಸ್ ದೇಶದ ಅರ್ಮಾನ್ ಟ್ರೂಸೋ ಹುಟ್ಟಿದ್ದು 1801ರ ಅಕ್ಟೋಬರ್ 14ರಂದು. ರಕ್ತ ಹೆಪ್ಪುಗಟ್ಟುವುದಕ್ಕೂ ಕ್ಯಾನ್ಸರ್ ರೋಗಕ್ಕೂ ನಂಟಿದೆ ಎಂಬುದನ್ನು ವೈದ್ಯಲೋಕಕ್ಕೆ ಮನದಟ್ಟು ಮಾಡಿಕೊಟ್ಟವರು ಅವರೇ.

ದೂರದ ಫ್ರಾನ್ಸಿನ ವೈದ್ಯರ ಜೀವನ ನಮಗೇಕೆ ಎಂದು ಕೆಲವರು ಕೇಳಬಹುದು. ತುಂಗಭದ್ರೆಯ ಉತ್ತರ ದಡದಲ್ಲಿ, ಹಂಪಿಯ ಎದುರಿಗೆ, ಗಂಗಾವತಿ ತಾಲೂಕಿನ ಆನೆಗೊಂದಿ ಇದೆ. ಕೊಪ್ಪಳ ಜಿಲ್ಲೆಯ ಆ ಪ್ರದೇಶ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅಲ್ಲಿನ ಭತ್ತದ ಗದ್ದೆಯಲ್ಲಿ ದುಡಿಯುವ ಒಬ್ಬ ರೈತರ ಒಂದು ಕಾಲು ಇದ್ದಕ್ಕಿದ್ದಂತೆ ಬಾತುಕೊಂಡಿತು ಎಂದುಕೊಳ್ಳಿ. ಮನೆಯವರು ಏನು ಮಾಡುತ್ತಾರೆ? ಉಳುಕಿರಬೇಕು, ವಾತ ಇರಬೇಕು ಎಂದು ಎಣ್ಣೆ ಕಾಯಿಸಿ ಗಟ್ಟಿಯಾಗಿ ನೀವುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ನಡೆಯುವುದೂ ಇದೇ. ಆನೆಕಾಲು ರೋಗ ಹಿಂದಿನಿಂದಲೂ ಇದ್ದ ಊರುಗಳಲ್ಲಿ ಬಾತ ಕಾಲನ್ನು ಕಂಡು ಯಾರೂ ಅಷ್ಟಾಗಿ ಗಾಬರಿಯಾಗುವುದಿಲ್ಲ. ಆದರೆ ಹಾಗೆ ಬಾತ ಕಾಲಿನಲ್ಲಿ ರಕ್ತದ ಹೆಪ್ಪು ಇರಬಹುದು. ಅಪರೂಪಕ್ಕೆ, ಆ ಹೆಪ್ಪಿನ ಹಿಂದೆ ಇನ್ನೂ ಹೊರಗೆ ಕಾಣಿಸಿಕೊಳ್ಳದ ಕ್ಯಾನ್ಸರ್ ಇರಬಹುದು. ಈ ಪಾಠವನ್ನು ಟ್ರೂಸೋ ಮೊದಲು ರೋಗಿಗಳ ಹಾಸಿಗೆಯ ಬಳಿ ಕಲಿತರು, ಕೊನೆಗೆ ತಮ್ಮ ದೇಹದಲ್ಲಿಯೇ ಕಂಡರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಟ್ರೂಸೋ ಹುಟ್ಟಿದ ಊರು ಫ್ರಾನ್ಸಿನ ತೂರ್. ಕ್ರೈಸ್ತರಿಗೆ ಇದು ಸಂತ ಮಾರ್ಟಿನರು ಧರ್ಮಾಧ್ಯಕ್ಷರಾಗಿದ್ದ ಊರೆಂದು ಪರಿಚಿತ. ಟ್ರೂಸೋ ಮೊದಲು ವೈದ್ಯರಾಗಲು ಹೊರಟವರಲ್ಲ. ತರುಣರಾಗಿದ್ದಾಗ ಅವರು ಶಾಲೆಯಲ್ಲಿ ಭಾಷೆ ಮತ್ತು ಭಾಷಣಕಲೆಯನ್ನು ಕಲಿಸುವ ಅಧ್ಯಾಪಕರಾಗಿದ್ದರು. ಮುಂದೆ ಅವರ ಪಾಠ ಕೇಳಲು ಬೇರೆ ದೇಶಗಳಿಂದಲೂ ವಿದ್ಯಾರ್ಥಿಗಳು ಬರುವಂತಾದುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ.

ಅವರ ದಾರಿಯನ್ನು ತಿರುಗಿಸಿದವರು ತೂರ್ ಆಸ್ಪತ್ರೆಯ ವೈದ್ಯ ಪಿಯರ್ ಬ್ರೆತೊನೋ. ಆ ಕಾಲದಲ್ಲಿ ಗಂಟಲಮಾರಿ ಮಕ್ಕಳನ್ನು ಸಾಲುಸಾಲಾಗಿ ಬಲಿ ತೆಗೆದುಕೊಳ್ಳುತ್ತಿತ್ತು. ಗಂಟಲಿನಲ್ಲಿ ಪೊರೆ ಬೆಳೆದು ಉಸಿರು ಕಟ್ಟಿ ಮಕ್ಕಳು ಸಾಯುತ್ತಿದ್ದರು. ಆ ರೋಗವನ್ನು ಬೇರೆ ಗಂಟಲ ರೋಗಗಳಿಂದ ಬೇರ್ಪಡಿಸಿ ಇಂದಿನ ಡಿಫ್ತೀರಿಯಾ ಎಂಬ ಹೆಸರಿಗೆ ಮೂಲವಾದ ಹೆಸರನ್ನು ಕೊಟ್ಟವರು ಬ್ರೆತೊನೋ. ಉಸಿರು ಕಟ್ಟಿದ ಮಗುವಿನ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಪ್ರಾಣ ಉಳಿಸುವ ಶಸ್ತ್ರಚಿಕಿತ್ಸೆಯನ್ನು 1825ರಲ್ಲಿ ಅವರು ಯಶಸ್ವಿಯಾಗಿ ಮಾಡಿದರು. ಅದೇ ವರ್ಷ ಟ್ರೂಸೋ ಪ್ಯಾರಿಸ್‌ನಲ್ಲಿ ವೈದ್ಯಕೀಯ ಪದವಿ ಪಡೆದರು. ಗುರುಗಳು ತೋರಿಸಿಕೊಟ್ಟ ಶಸ್ತ್ರಚಿಕಿತ್ಸೆಯನ್ನು ಶಿಷ್ಯ 1831ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿ, ಮುಂದೆ ಅದು ಎಲ್ಲ ಕಡೆ ಬಳಕೆಗೆ ಬರುವಂತೆ ದುಡಿದರು.

1828ರಲ್ಲಿ ಜಿಬ್ರಾಲ್ಟರ್‌ನಲ್ಲಿ ಹಳದಿ ಜ್ವರದ ಸಾಂಕ್ರಾಮಿಕ ಹಬ್ಬಿದಾಗ ಅದನ್ನು ಅಧ್ಯಯನ ಮಾಡಲು ಕಳುಹಿಸಲಾದ ಫ್ರೆಂಚ್ ವೈದ್ಯರ ತಂಡದಲ್ಲಿ ಟ್ರೂಸೋ ಕೂಡ ಇದ್ದರು. 1848ರ ಕ್ರಾಂತಿಯ ಅನಂತರ ಸಂವಿಧಾನ ಸಭೆಯ ಸದಸ್ಯರಾಗಿಯೂ ಸ್ವಲ್ಪ ಕಾಲ ಕೆಲಸ ಮಾಡಿದರು. ಆದರೆ ರಾಜಕೀಯದಲ್ಲಿ ಉಳಿಯಲಿಲ್ಲ. ಅವರು ಮರಳಿ ಬಂದದ್ದು ರೋಗಿಗಳ ಬಳಿಗೆ.

ದೇವರ ಮನೆಯಲ್ಲಿ ಗುರು

1850ರ ದಶಕದ ಆರಂಭದಿಂದ ಟ್ರೂಸೋ ಅವರ ಕಾರ್ಯಕ್ಷೇತ್ರ ಪ್ಯಾರಿಸ್‌ನ ಓತೆಲ್-ದ್ಯೂ ಆಸ್ಪತ್ರೆಯಾಯಿತು. ಆ ಹೆಸರಿನ ಅರ್ಥವೇ ದೇವರ ಮನೆ ಎಂದು. ನೋತ್ರ್ ದಾಮ್ ಮಹಾದೇವಾಲಯದ ಮಗ್ಗುಲಲ್ಲಿರುವ ಈ ಆಸ್ಪತ್ರೆಯನ್ನು 651ರಲ್ಲಿ ಪ್ಯಾರಿಸ್‌ನ ಧರ್ಮಾಧ್ಯಕ್ಷ ಸಂತ ಲಾಂದ್ರಿ ಸ್ಥಾಪಿಸಿದರೆಂಬ ಪರಂಪರೆ ಇದೆ. ಟ್ರೂಸೋ ಅವರ ಕಾಲದಲ್ಲಿ ಅಲ್ಲಿ ಬಡ ರೋಗಿಗಳ ಶುಶ್ರೂಷೆ ಮಾಡುತ್ತಿದ್ದವರು ಸಂತ ಅಗಸ್ಟೀನರ ಸಭೆಯ ಧರ್ಮಭಗಿನಿಯರು.

ಟ್ರೂಸೋ ಅವರ ಪಾಠದ ಕ್ರಮ ಸರಳವಾಗಿತ್ತು. ಬೆಳಿಗ್ಗೆ ವಿದ್ಯಾರ್ಥಿಗಳೊಂದಿಗೆ ರೋಗಿಗಳ ಹಾಸಿಗೆಯಿಂದ ಹಾಸಿಗೆಗೆ ಹೋಗುವುದು, ನೋಡುವುದು, ಮುಟ್ಟುವುದು, ಕೇಳುವುದು. ಆಮೇಲೆ ಕಂಡದ್ದನ್ನು ಉಪನ್ಯಾಸದಲ್ಲಿ ವಿವರಿಸುವುದು. ಎಕ್ಸ್‌-ರೇ, ಸ್ಕ್ಯಾನ್ ಯಾವುದೂ ಇಲ್ಲದ ಕಾಲ. ಕಣ್ಣು, ಕಿವಿ, ಬೆರಳು ಇವೇ ಉಪಕರಣಗಳು. ಈ ಉಪನ್ಯಾಸಗಳು 1860ರ ದಶಕದಲ್ಲಿ ಪುಸ್ತಕವಾಗಿ ಬಂದು, ಬೇರೆ ಭಾಷೆಗಳಿಗೂ ಅನುವಾದವಾಗಿ, ಒಂದು ತಲೆಮಾರಿನ ವೈದ್ಯರಿಗೆ ಪಠ್ಯವಾದವು. ಪಾರ್ಶ್ವವಾಯುವಿನಿಂದ ಮಾತು ನಿಂತುಹೋಗುವ ಸ್ಥಿತಿಗೆ ಇಂದು ವೈದ್ಯರು ಬಳಸುವ ಅಫೇಸಿಯಾ ಎಂಬ ಹೆಸರನ್ನು 1864ರಲ್ಲಿ ಚಾಲ್ತಿಗೆ ತಂದವರೂ ಟ್ರೂಸೋ.

ಇನ್ನೊಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅವರು ಇತರರ ಶ್ರಮವನ್ನು ಮರೆಯಲಿಲ್ಲ. ಇಂಗ್ಲೆಂಡಿನ ಅಡಿಸನ್, ಐರ್ಲೆಂಡಿನ ಗ್ರೇವ್ಸ್ ವಿವರಿಸಿದ್ದ ರೋಗಗಳಿಗೆ ಆ ವೈದ್ಯರ ಹೆಸರುಗಳನ್ನೇ ಇಟ್ಟು ಕರೆದರು. ಅಡಿಸನ್ ರೋಗ, ಗ್ರೇವ್ಸ್ ರೋಗ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಬಿಳಿಯ ಬಾವಿನ ರಹಸ್ಯ

ಬಾಣಂತಿಯರಲ್ಲಿ ಕೆಲವರಿಗೆ ಹೆರಿಗೆಯ ನಂತರ ಒಂದು ಕಾಲು ಬಿಳಿಚಿಕೊಂಡು ಬಾತು ತುಂಬಾ ನೋಯುತ್ತಿತ್ತು. ಎದೆಹಾಲು ಕಾಲಿಗೆ ಇಳಿದದ್ದರಿಂದ ಹೀಗಾಗುತ್ತದೆ ಎಂದು ಯುರೋಪಿನಲ್ಲಿ ಹಿಂದೆ ನಂಬಿದ್ದರು. ನಿಜವಾದ ಕಾರಣ ಹಾಲಲ್ಲ. ಕಾಲಿನಿಂದ ಹೃದಯದ ಕಡೆಗೆ ರಕ್ತವನ್ನು ಒಯ್ಯುವ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದೇ ಕಾರಣ. ಕ್ಯಾನ್ಸರ್ ಇದ್ದ ಕೆಲವರಲ್ಲಿಯೂ ಹೀಗಾಗುವುದನ್ನು ಫ್ರಾನ್ಸಿನ ಇನ್ನೊಬ್ಬ ವೈದ್ಯ ಬೂಯೋ 1823ರಷ್ಟು ಹಿಂದೆಯೇ ಗಮನಿಸಿದ್ದರು.

ಟ್ರೂಸೋ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಹೆರಿಗೆಯಾಗದ ಹೆಂಗಸರಲ್ಲಿ, ಗಂಡಸರಲ್ಲಿ, ಪೆಟ್ಟು ಬೀಳದವರಲ್ಲಿಯೂ ಅವರು ಈ ಬಿಳಿಯ ಬಾವನ್ನು ಕಂಡರು. ಅಂಥವರಲ್ಲಿ ಹಲವರಿಗೆ ದೇಹದೊಳಗೆ ಕ್ಯಾನ್ಸರ್ ಇರುತ್ತಿತ್ತು. ಗಡ್ಡೆ ರಕ್ತನಾಳವನ್ನು ಒತ್ತಿ ಹಿಡಿಯದಿದ್ದರೂ ಹೆಪ್ಪು ಕಾಣಿಸುತ್ತಿತ್ತು. ಆದ್ದರಿಂದ ಕ್ಯಾನ್ಸರ್ ರೋಗಿಯ ರಕ್ತವೇ ತಾನಾಗಿ ಹೆಪ್ಪುಗಟ್ಟುವ ಸ್ವಭಾವವನ್ನು ಪಡೆಯುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. 1865ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಇದನ್ನು ವಿವರಿಸಿದರು. ಹೊಟ್ಟೆಯ ನೋವಿಗೆ ಹುಣ್ಣು ಕಾರಣವೋ ಕ್ಯಾನ್ಸರ್ ಕಾರಣವೋ ಎಂದು ವೈದ್ಯರಿಗೆ ಸಂಶಯವಿದ್ದಾಗ ಈ ಬಾವು ಕಾಣಿಸಿಕೊಂಡರೆ, ಕ್ಯಾನ್ಸರ್ ಎಂದೇ ತಿಳಿಯಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸಿದರು.

ಪಾಠ ತಮ್ಮ ಮೇಲೆಯೇ ಬಂದಾಗ

1867ರ ಜನವರಿ ತಿಂಗಳು. ಟ್ರೂಸೋ ಅವರಿಗೆ ಆಗ 65 ವರ್ಷ. ತಾವು ಎಷ್ಟೋ ರೋಗಿಗಳಲ್ಲಿ ಕಂಡಿದ್ದ ಅಭಿಧಮನಿಯ ಬಾವು ಮತ್ತು ಹೆಪ್ಪನ್ನು ಅವರು ತಮ್ಮ ದೇಹದಲ್ಲಿಯೇ ಕಂಡರು. ಬೇರೆಯವರಾಗಿದ್ದರೆ ಸಣ್ಣ ತೊಂದರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದರೇನೋ. ಟ್ರೂಸೋ ಹಾಗೆ ಮಾಡಲಿಲ್ಲ. ತಮ್ಮ ಶಿಷ್ಯ ಮಿಶೆಲ್ ಪೀಟರ್ ಅವರಿಗೆ, ಇನ್ನು ತಾವು ಉಳಿಯುವುದಿಲ್ಲ, ಈ ಹೆಪ್ಪು ತಮ್ಮ ರೋಗ ಯಾವುದೆಂಬ ಸಂಶಯವನ್ನು ತೀರಿಸಿಬಿಟ್ಟಿತು ಎಂಬ ಅರ್ಥದಲ್ಲಿ ತಿಳಿಸಿದರು. ಇತರರಿಗೆ ಹೇಳಿಕೊಟ್ಟ ನಿಯಮದಿಂದ ತಮ್ಮನ್ನು ತಾವು ಹೊರಗಿಡಲಿಲ್ಲ.

ಅವರ ತೀರ್ಮಾನ ಸರಿಯಾಗಿತ್ತು. ಜಠರದ ಕ್ಯಾನ್ಸರ್‌ನಿಂದ 1867ರ ಜೂನ್ 23ರಂದು ಅವರು ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅವರ ಉಪನ್ಯಾಸಗಳ ಮೂರನೆಯ ಆವೃತ್ತಿಯನ್ನು ಮರುವರ್ಷ ಹೊರತಂದವರು ಅದೇ ಶಿಷ್ಯ ಪೀಟರ್. ಕ್ಯಾನ್ಸರ್‌ನೊಂದಿಗೆ ಬರುವ ಈ ಹೆಪ್ಪುಗಟ್ಟುವಿಕೆಗೆ ವೈದ್ಯರು ಟ್ರೂಸೋ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ಅದನ್ನು ಕಂಡವರ ಹೆಸರೂ ಅದಕ್ಕೆ ಒಳಗಾದವರ ಹೆಸರೂ ಒಂದೇ ಆದದ್ದು ವೈದ್ಯಶಾಸ್ತ್ರದಲ್ಲಿ ಅಪರೂಪ.

ರಕ್ತಕ್ಕೆ ಹೆಪ್ಪು ಹಾಕುವ ರೋಗ

ಹೆಪ್ಪು ಎಂಬ ಮಾತು ನಮ್ಮ ಅಡುಗೆಮನೆಯದು. ಹಾಲಿಗೆ ಒಂದು ಚಮಚ ಮಜ್ಜಿಗೆ ಹಾಕಿದರೆ ಬೆಳಗಾಗುವುದರೊಳಗೆ ಇಡೀ ಪಾತ್ರೆ ಮೊಸರಾಗುತ್ತದೆ. ರಕ್ತಕ್ಕೂ ಹೆಪ್ಪು ಹಾಕುವ ವಸ್ತುಗಳಿವೆ. ಕೈಗೆ ಗಾಯವಾದಾಗ ರಕ್ತನಾಳದ ಹೊರಗಿನ ಅಂಗಾಂಶದಲ್ಲಿರುವ ಒಂದು ಪ್ರೋಟೀನು ರಕ್ತಕ್ಕೆ ತಾಗುತ್ತದೆ. ಒಂದರ ಹಿಂದೆ ಒಂದರಂತೆ ಹಲವು ಪ್ರೋಟೀನುಗಳು ಎಚ್ಚರಗೊಂಡು, ಕೊನೆಗೆ ಫೈಬ್ರಿನ್ ಎಂಬ ನೂಲಿನ ಬಲೆ ಹೆಣೆದುಕೊಂಡು ಗಾಯ ಮುಚ್ಚುತ್ತದೆ. ಇದು ದೇವರು ದೇಹಕ್ಕೆ ಕೊಟ್ಟ ರಕ್ಷಣೆ. ಹಲವು ಬಗೆಯ ಕ್ಯಾನ್ಸರ್ ಕಣಗಳು ಇದೇ ಪ್ರೋಟೀನನ್ನು ತಮ್ಮ ಮೈಮೇಲೆ ಹೊತ್ತಿರುತ್ತವೆ, ಅದರ ಚೂರುಗಳನ್ನು ರಕ್ತಕ್ಕೂ ಬಿಡುತ್ತವೆ. ಆಗ ಗಾಯವಿಲ್ಲದಿದ್ದರೂ ಹೆಪ್ಪು ಹಾಕಿದಂತಾಗುತ್ತದೆ. ರಕ್ತವೇ ಬದಲಾಗುತ್ತದೆ ಎಂದು ಟ್ರೂಸೋ ಊಹಿಸಿದ್ದರ ಹಿಂದಿನ ಗುಟ್ಟು ಇದು.

ಆನೆಗೊಂದಿಯ ರೈತರಿಗೂ ನಮ್ಮ ಕರಾವಳಿಯ ತೋಟದ ಕೆಲಸದವರಿಗೂ ತಿಳಿದಿರುವ ಕೊಳಕುಮಂಡಲ ಹಾವಿನಿಂದ ಇದನ್ನು ಅರ್ಥಮಾಡಿಕೊಳ್ಳಬಹುದು. ಆ ಹಾವಿನ ವಿಷವೂ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನೇ ಕೆರಳಿಸುತ್ತದೆ. ಆದರೆ ಎಷ್ಟು ರಭಸದಿಂದ ಎಂದರೆ, ಸ್ವಲ್ಪ ಹೊತ್ತಿನಲ್ಲಿ ಅವೆಲ್ಲ ಖರ್ಚಾಗಿ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ. ಒಸಡಿನಿಂದ, ಗಾಯದಿಂದ ರಕ್ತ ಸೋರುತ್ತದೆ. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಕ್ಯಾನ್ಸರ್ ಇದೇ ಯಂತ್ರವನ್ನು ಸಾಮಾನ್ಯವಾಗಿ ನಿಧಾನವಾಗಿ, ತಿಂಗಳುಗಟ್ಟಲೆ ತಿರುಗಿಸುತ್ತದೆ. ಅದರಿಂದ ಹೆಪ್ಪು ಕಟ್ಟುವುದೇ ಹೆಚ್ಚು. ಕೆಲವು ರೋಗಿಗಳಲ್ಲಿ ಹೆಪ್ಪು ಮತ್ತು ರಕ್ತಸ್ರಾವ ಎರಡೂ ಉಂಟು.

ವಿರ್ಚೋ ಅವರ ವಿಚಾರಗಳಿಂದ ಬೆಳೆದ ಮೂರು ಕಾರಣಗಳನ್ನು ವೈದ್ಯರು ಇಂದಿಗೂ ಕಲಿಯುತ್ತಾರೆ: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಸ್ವಭಾವವೇ ಬದಲಾಗುವುದು. ಕ್ಯಾನ್ಸರ್ ರೋಗಿಗೆ ಈ ಮೂರೂ ಒಟ್ಟಿಗೆ ಬರಬಹುದು. ಹಾಸಿಗೆ ಹಿಡಿದಾಗ ಹರಿವು ನಿಧಾನ. ಶಸ್ತ್ರಚಿಕಿತ್ಸೆಯಿಂದ, ಔಷಧಿ ಕೊಡಲು ಹಾಕಿದ ನಳಿಕೆಯಿಂದ ಗೋಡೆಗೆ ಪೆಟ್ಟು. ಗಡ್ಡೆಯಿಂದಲೂ ಕೆಲವು ಕೀಮೋ ಔಷಧಿಗಳಿಂದಲೂ ರಕ್ತದಲ್ಲಿ ಬದಲಾವಣೆ. ಮೇದೋಜೀರಕ ಗ್ರಂಥಿ ಮತ್ತು ಜಠರದ ಕ್ಯಾನ್ಸರ್‌ಗಳಲ್ಲಿ ಈ ಅಪಾಯ ಬಹಳ ಹೆಚ್ಚು. ಶ್ವಾಸಕೋಶ, ಅಂಡಾಶಯ, ಮೆದುಳು ಮತ್ತು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳಲ್ಲಿಯೂ ಹೆಚ್ಚು. ಅಭಿಧಮನಿಯಲ್ಲಿ ಹೆಪ್ಪು ಕಟ್ಟಿದ ಐವರಲ್ಲಿ ಸುಮಾರು ಒಬ್ಬರು ಕ್ಯಾನ್ಸರ್ ಇರುವವರು. ಕ್ಯಾನ್ಸರ್ ರೋಗಿಗಳ ಸಾವಿಗೆ, ಕ್ಯಾನ್ಸರನ್ನು ಬಿಟ್ಟರೆ, ಹೆಪ್ಪುಗಟ್ಟುವಿಕೆಯೂ ಮುಖ್ಯ ಕಾರಣಗಳಲ್ಲಿ ಒಂದು.

ಟ್ರೂಸೋ ಅವರಿಗೆ ಇಲ್ಲದಿದ್ದ ಭಾಗ್ಯ ನಮಗಿದೆ

ಟ್ರೂಸೋ ಅವರಿಗೆ ರೋಗದ ಗುರುತು ಸಿಕ್ಕಿತು, ಔಷಧಿ ಸಿಗಲಿಲ್ಲ. ಅವರು ತೀರಿಕೊಂಡು ಸುಮಾರು ಅರ್ಧ ಶತಮಾನ ಕಳೆದ ಮೇಲೆ, 1916ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಯ ಕೆಲಸದಿಂದ ಹೆಪಾರಿನ್ ಔಷಧಿಯ ದಾರಿ ತೆರೆಯಿತು. ಹೊಸ ಬಗೆಯ ಹೆಪಾರಿನ್ ಚುಚ್ಚುಮದ್ದು ಕ್ಯಾನ್ಸರ್ ರೋಗಿಗಳಲ್ಲಿ ಹೆಪ್ಪು ಮರುಕಳಿಸುವುದನ್ನು ಹಳೆಯ ಮಾತ್ರೆಗಳಿಗಿಂತ ಚೆನ್ನಾಗಿ ತಡೆಯುತ್ತದೆ ಎಂದು 2003ರ ಒಂದು ದೊಡ್ಡ ಅಧ್ಯಯನ ತೋರಿಸಿತು. 2018ರ ನಂತರ ಅಪಿಕ್ಸಬ್ಯಾನ್, ರಿವರಾಕ್ಸಬ್ಯಾನ್‌ನಂತಹ ಮಾತ್ರೆಗಳೂ ಕ್ಯಾನ್ಸರ್ ರೋಗಿಗಳಿಗೆ ಬಳಕೆಗೆ ಬಂದವು. ಜಠರ ಮತ್ತು ಕರುಳಿನ ಕ್ಯಾನ್ಸರ್ ಇರುವವರಿಗೆ ಇವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚಿರುವುದರಿಂದ, ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹೆಪ್ಪು ಇದೆಯೇ ಎಂದು ತಿಳಿಯಲು ನೋವಿಲ್ಲದ ಡಾಪ್ಲರ್ ಸ್ಕ್ಯಾನ್ ಇದೆ. ಟ್ರೂಸೋ ಕಾಲದಲ್ಲಿ ಅಂತಿಮ ತೀರ್ಪಿನಂತಿದ್ದ ಈ ಲಕ್ಷಣ ಇಂದು ಚಿಕಿತ್ಸೆಗೆ ಅವಕಾಶ ಕೊಡುವ ಎಚ್ಚರಿಕೆಯಾಗಿದೆ.

ಹಾಗೆಂದು ಕಾಲು ಬಾತವರೆಲ್ಲ ಕ್ಯಾನ್ಸರ್ ಎಂದು ಹೆದರಬಾರದು. ಬಾವಿಗೆ ನೂರು ಕಾರಣಗಳಿವೆ. ಬೇರೆ ಯಾವ ಕಾರಣವೂ ಕಾಣದೆ ಹೆಪ್ಪು ಕಟ್ಟಿದ ನೂರು ಮಂದಿಯಲ್ಲಿ ಒಂದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾಗುವುದು ಸುಮಾರು ನಾಲ್ಕೈದು ಮಂದಿಯಲ್ಲಿ ಮಾತ್ರ. ಅಂತಹ ಎಲ್ಲರಿಗೂ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದು ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಬೇಕಾದದ್ದು ಇಷ್ಟು: ವೈದ್ಯರು ಕೂಲಂಕಷವಾಗಿ ವಿಚಾರಿಸಿ ಪರೀಕ್ಷಿಸುವುದು, ಸಾಮಾನ್ಯ ರಕ್ತಪರೀಕ್ಷೆಗಳು, ವಯಸ್ಸಿಗೆ ತಕ್ಕ ಕ್ಯಾನ್ಸರ್ ತಪಾಸಣೆ. ತೂಕ ಇಳಿಯುವುದು, ಹಸಿವು ಸಾಯುವುದು, ಮಲದಲ್ಲಿ ರಕ್ತ, ಬಿಡದ ಕೆಮ್ಮು ಇವು ಇದ್ದರೆ ಮುಚ್ಚಿಡದೆ ಹೇಳುವುದು.

ನಾವು ತಿಳಿದಿರಬೇಕಾದ ಕೆಲವು ವಿಷಯಗಳು

ನಮ್ಮ ಚರ್ಚುಗಳಲ್ಲಿ ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು, ಧರ್ಮಭಗಿನಿಯರು ರೋಗಿಗಳ ಮನೆಗಳಿಗೆ ಹೋಗುತ್ತಾರೆ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದವರ ಕಾಲನ್ನು ಎಷ್ಟೋ ಸಲ ಮೊದಲು ನೋಡುವವರು ಅವರೇ. ಅವರಿಗಾಗಿ ಈ ಕೆಲವು ಮಾತುಗಳು.

ಒಂದೇ ಕಾಲು ಅಥವಾ ಒಂದೇ ಕೈ ಬಾತು, ಬಿಸಿಯಾಗಿ, ಮೀನಖಂಡದಲ್ಲಿ ನೋವಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಎರಡು ದಿನ ನೋಡೋಣ ಎಂದು ಕಾಯಬಾರದು.

ಅಂತಹ ಕಾಲನ್ನು ಎಣ್ಣೆ ಹಚ್ಚಿ ನೀವಬಾರದು, ಒತ್ತಬಾರದು. ಹೆಪ್ಪಿನ ತುಂಡು ಕಳಚಿ ರಕ್ತದೊಂದಿಗೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ನೀವುವವರ ಪ್ರೀತಿ ದೊಡ್ಡದು, ಆದರೆ ಇಲ್ಲಿ ಅದು ಕೇಡು ತರಬಹುದು.

ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ, ತಲೆ ಸುತ್ತಿ ಬೀಳುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಬೇಕು.

ಕ್ಯಾನ್ಸರ್ ಚಿಕಿತ್ಸೆಗೆ ನಮ್ಮ ಜನ ದೂರ ಪ್ರಯಾಣ ಮಾಡುತ್ತಾರೆ. ಆನೆಗೊಂದಿಯವರು ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗಬೇಕು, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತಿರಬೇಕು. ಕರಾವಳಿಯವರು ಮುಂಬಯಿಗೆ ಹೋಗುವುದುಂಟು. ಹೀಗೆ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವುದು ರಕ್ತದ ಹರಿವನ್ನು ನಿಧಾನಗೊಳಿಸುತ್ತದೆ. ಬಸ್ಸು ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಸಾಕಷ್ಟು ನೀರು ಕುಡಿಯಬೇಕು. ಪ್ರಯಾಣದ ಮೊದಲು ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ರಕ್ತ ತೆಳುವಾಗಿಸುವ ಔಷಧಿ ಎಂದು ನಾವು ಕರೆಯುವ ಮಾತ್ರೆ, ಚುಚ್ಚುಮದ್ದುಗಳನ್ನು ಬಾವು ಇಳಿಯಿತೆಂದು ನಿಲ್ಲಿಸಬಾರದು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಕ್ಯಾನ್ಸರ್ ಇರುವವರೆಗೆ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಜೊತೆಗೆ ಕಷಾಯ, ನೋವಿನ ಮಾತ್ರೆ, ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ಮಲ ಕಪ್ಪಾದರೆ, ಎಲ್ಲಿಂದಾದರೂ ರಕ್ತ ಸೋರಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪ್ರಿಯ ಓದುಗರೇ, ಟ್ರೂಸೋ ಅವರ ಬಳಿ ಯಂತ್ರಗಳಿರಲಿಲ್ಲ, ಹೆಪ್ಪನ್ನು ತಡೆಯುವ ಔಷಧಿಯಿರಲಿಲ್ಲ. ಬಡವರ ಹಾಸಿಗೆಯ ಬಳಿ ನಿಂತು ಗಮನವಿಟ್ಟು ನೋಡುವ ಕಣ್ಣು ಇತ್ತು. ಕಂಡ ಸತ್ಯ ತಮಗೇ ಕಹಿಯಾದಾಗಲೂ ಅದನ್ನು ಒಪ್ಪಿಕೊಳ್ಳುವ ಧೈರ್ಯ ಇತ್ತು. ಅವರ ಕಾಲದಲ್ಲಿ ಆ ಧೈರ್ಯ ಸಾವಿಗೆ ಸಿದ್ಧರಾಗಲು ಬೇಕಾಗಿತ್ತು. ನಮ್ಮ ಕಾಲದಲ್ಲಿ ಅದೇ ಧೈರ್ಯ ಸಮಯಕ್ಕೆ ಸರಿಯಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಲು ಬೇಕಾಗಿದೆ. ಮುಂದಿನ ಭಾನುವಾರ ಮಧ್ಯಾಹ್ನ ನೀವು ಯಾವುದಾದರೂ ರೋಗಿಯನ್ನು ನೋಡಲು ಹೋದರೆ, ಕ್ಷೇಮ ವಿಚಾರಿಸಿದ ಮೇಲೆ ಹೊದಿಕೆಯನ್ನು ಸ್ವಲ್ಪ ಸರಿಸಿ ಅವರ ಎರಡೂ ಕಾಲುಗಳು ಒಂದೇ ಸಮನಾಗಿವೆಯೇ ಎಂದು ನೋಡಿ.